ತಂದೆಯನ್ನು ಕೊಂದವನ ಮನೆಯಲ್ಲಿ



ರಾಮಾಯಣ, ಕುಮಾರರಾಮ ಅಂದರೆ ಮುಂದಿನ ಸಾಲಿನ ಹಿರಿಯರು ತಲೆದೂಗುತ್ತಾರೆ, ಹಿಂದಿನ ಸಾಲಿನ ಕಾಲೇಜಿನ ಮಕ್ಕಳು ಮೊಬೈಲು ತೆಗೆಯುತ್ತಾರೆ. ಇಂಗ್ಲಿಷಿನ ಮಾಯಾಲೋಕದ ಕಾದಂಬರಿ ಅಂದರೆ ಹಿಂದಿನ ಸಾಲು ಕಿವಿ ನಿಮಿರಿಸುತ್ತದೆ, ಮುಂದಿನ ಸಾಲು ಕಾಫಿ ಯಾವಾಗ ಅಂತ ಕೇಳುತ್ತದೆ. ನಾನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದೇನೆ. ಯಾರಿಗೂ ಪೂರ್ತಿ ಸಮಾಧಾನವಾಗದಿದ್ದರೆ ಅದಕ್ಕೆ ಸಂಘಟಕರು ಹೊಣೆಯಲ್ಲ.

ಹಾಲಿ ಬ್ಲ್ಯಾಕ್ ಎಂಬ ಅಮೆರಿಕದ ಲೇಖಕಿ 2018ರಲ್ಲಿ ‘ದಿ ಕ್ರೂಯೆಲ್ ಪ್ರಿನ್ಸ್’ ಎಂಬ ಕಾದಂಬರಿ ಪ್ರಕಟಿಸಿದರು. ಮುಂದಿನ ವರ್ಷವೇ ‘ದಿ ವಿಕೆಡ್ ಕಿಂಗ್’, ‘ದಿ ಕ್ವೀನ್ ಆಫ್ ನಥಿಂಗ್’ ಬಂದು ಕತೆ ಮುಗಿಯಿತು. ನಮ್ಮ ಯಕ್ಷ ಗಂಧರ್ವರ ಹಾಗೆ ಮನುಷ್ಯರಿಗಿಂತ ಚೆಲುವರಾದ, ಮನುಷ್ಯರಿಗಿಂತ ಕ್ರೂರಿಗಳಾದ ಒಂದು ಕುಲದ ಆಸ್ಥಾನ. ಅದರೊಳಗೆ ಬೆಳೆಯುವ ಮನುಷ್ಯ ಹುಡುಗಿ ಜೂಡ್. ಅವಳನ್ನು ಹೀಯಾಳಿಸುತ್ತಲೇ ಅವಳಿಗೆ ಸೋಲುವ ರಾಜಕುಮಾರ ಕಾರ್ಡನ್. ಹುಡುಗ ಹುಡುಗಿಯರು ಓದುವುದು ಈ ಪ್ರೇಮಕ್ಕೆ, ಅದು ನನಗೂ ಗೊತ್ತು. ಸಾರಾ ಮಾಸ್ 2015ರಲ್ಲಿ ಶುರುಮಾಡಿದ ಇನ್ನೊಂದು ಸರಣಿಯನ್ನೂ ಇದೇ ರುಚಿಗೆ ಓದುತ್ತಾರೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅಲ್ಲಿ ಒಡವೆ ವಸ್ತ್ರದ ವರ್ಣನೆ ಜಾಸ್ತಿ, ರಾಜಕಾರಣ ಕಮ್ಮಿ.

ಬ್ಲ್ಯಾಕ್ ಬರೆದ ಕತೆಯಲ್ಲಿ ನನ್ನನ್ನು ಹಿಡಿದದ್ದು ಪ್ರೇಮವಲ್ಲ. ಕತೆಯ ಮೊದಲ ಪುಟಗಳಲ್ಲೇ ಮ್ಯಾಡಾಕ್ ಎಂಬ ಆ ಲೋಕದ ದಂಡನಾಯಕ ಜೂಡ್‌ಳ ಮನೆಗೆ ಬಂದು, ಏಳು ವರ್ಷದ ಮಗುವಿನ ಕಣ್ಣೆದುರಿಗೇ ಅವಳ ತಾಯಿ ತಂದೆಯರನ್ನು ಕೊಲ್ಲುತ್ತಾನೆ. ಕೊಂದು, ಮಕ್ಕಳನ್ನು ಕರೆದುಕೊಂಡು ಹೋಗಿ ತನ್ನ ಮನೆಯಲ್ಲಿ ಸಾಕುತ್ತಾನೆ. ಸುಮ್ಮನೆ ಅನ್ನ ಹಾಕುವುದಲ್ಲ. ಕತ್ತಿವರಸೆ ಕಲಿಸುತ್ತಾನೆ, ಯುದ್ಧತಂತ್ರ ಹೇಳಿಕೊಡುತ್ತಾನೆ. ಅವಳಿಗೆ ಅವನ ಮೇಲೆ ದ್ವೇಷವೂ ಇದೆ, ಅವನು ಭೇಷ್ ಅನ್ನಬೇಕೆಂಬ ಆಸೆಯೂ ಇದೆ. ಆಮೇಲೆ ವಿಷಕ್ಕೆ ಮೈ ಒಗ್ಗಲಿ ಅಂತ ಅವಳು ದಿನಾ ಚೂರು ಚೂರು ವಿಷ ತಿನ್ನುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾಳೆ. ತಂದೆಯನ್ನು ಕೊಂದವನ ಮನೆಯಲ್ಲಿ ಬೆಳೆಯುವ ಮಗುವಿನ ಬದುಕು ಹೇಗಿರುತ್ತದೆ ಅನ್ನುವುದಕ್ಕೆ ಈ ವಿಷದ ತುತ್ತಿಗಿಂತ ಬೇರೆ ವಿವರಣೆ ಬೇಕಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಪಕ್ಕದ ತುಂಗಭದ್ರೆ ಹೊಳೆಯಾಚೆಯ ಒಬ್ಬ ಹುಡುಗ ನೆನಪಾದ. ಹೆಸರು ಅಂಗದ, ಕಿಷ್ಕಿಂಧೆಯ ವಾಲಿಯ ಮಗ.

ಕಿಷ್ಕಿಂಧೆ ಅಂದರೆ ನಮಗೆ ಗುಡ್ಡ, ಗವಿ, ಕೋತಿ. ಹಂಪಿಗೆ ಹೋದವರು ಮತಂಗ ಪರ್ವತ ಹತ್ತುತ್ತಾರೆ, ಆನೆಗೊಂದಿಯ ಕಡೆ ದಾಟಿ ಅಂಜನಾದ್ರಿ, ಪಂಪಾಸರೋವರ ನೋಡಿ ಬರುತ್ತಾರೆ. ಚಕ್ರತೀರ್ಥದ ಕೋದಂಡರಾಮನ ಗುಡಿಯ ಜಾಗದಲ್ಲೇ ಸುಗ್ರೀವನಿಗೆ ಪಟ್ಟವಾಯಿತು ಅನ್ನುತ್ತಾರೆ. ಮಾಲ್ಯವಂತದಲ್ಲಿ ರಾಮ ಮಳೆಗಾಲ ಕಳೆದ ಅನ್ನುತ್ತಾರೆ. ನಿಂಬಾಪುರದ ಹತ್ತಿರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಇಂಥ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದವು ಎಂದು ಪ್ರಾಕ್ತನಶಾಸ್ತ್ರಜ್ಞರು ಹೇಳುತ್ತಾರೆ. ಇರಲಿ. ಸಗಣಿಯ ಬೂದಿಯೇ ಆದರೂ ನಮ್ಮ ಜನ ಅದಕ್ಕೆ ರಾಮನ ಹೆಸರು ಇಡಲಿಲ್ಲ, ಸತ್ತ ವಾಲಿಯ ಹೆಸರು ಇಟ್ಟರು ಅನ್ನುವುದನ್ನು ಗಮನಿಸಿ. ಈ ಸೀಮೆಗೆ ವಾಲಿ ಹೊರಗಿನವನಲ್ಲ.

ಕಿಷ್ಕಿಂಧೆಯನ್ನು ಒಂದು ಆಸ್ಥಾನ ಅಂತ ನೋಡುವ ರೂಢಿ ನಮಗಿಲ್ಲ. ಕೋತಿಗಳ ಗುಂಪು ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ವಾಲ್ಮೀಕಿ ಹಾಗೆ ಹೋಗುವುದಿಲ್ಲ. ಅಲ್ಲಿ ಸಿಂಹಾಸನವಿದೆ, ಅಂತಃಪುರವಿದೆ, ಮಂತ್ರಿಗಳಿದ್ದಾರೆ, ಗೂಢಚಾರರಿದ್ದಾರೆ, ಇಂದ್ರ ಕೊಟ್ಟ ಚಿನ್ನದ ಮಾಲೆಯಿದೆ. ಬೇಕೆಂದ ರೂಪ ತಾಳಬಲ್ಲ, ಬೆಟ್ಟದಿಂದ ಬೆಟ್ಟಕ್ಕೆ ಹಾರಬಲ್ಲ ಅಮಾನುಷ ಕುಲ ಅದು. ಅಲ್ಲಿ ಪಟ್ಟ ಕೈ ಬದಲಾದಾಗಲೆಲ್ಲ ಹೆಂಡಂದಿರೂ ಕೈ ಬದಲಾಗುತ್ತಾರೆ. ಮಾಯಾವಿ ಎಂಬ ಅಸುರನನ್ನು ಅಟ್ಟಿಕೊಂಡು ವಾಲಿ ಬಿಲ ಹೊಕ್ಕ. ತಿರುಗಿ ಬರಲಿಲ್ಲವೆಂದು ತಮ್ಮ ಸುಗ್ರೀವ ಬಿಲದ ಬಾಯಿಗೆ ಬಂಡೆ ಮುಚ್ಚಿ ಊರಿಗೆ ಬಂದು ಪಟ್ಟವೇರಿದ. ಆ ಪಟ್ಟದ ಜತೆ ತನ್ನ ಹೆಂಡತಿ ರುಮೆಯಷ್ಟೇ ಅಲ್ಲ, ಅಣ್ಣನ ಹೆಂಡತಿ ತಾರೆಯೂ ತನ್ನವಳಾದಳು ಅಂತ ಅವನೇ ರಾಮನ ಎದುರು ಹೇಳಿಕೊಳ್ಳುತ್ತಾನೆ. ವಾಲಿ ಬದುಕಿ ಬಂದ. ತಮ್ಮನನ್ನು ಓಡಿಸಿದ, ತಾರೆಯನ್ನು ತಿರುಗಿ ಪಡೆದ, ರುಮೆಯನ್ನು ತಾನೇ ಇಟ್ಟುಕೊಂಡ. ರಾಮಬಾಣ ಬಿದ್ದ ಮೇಲೆ ಮತ್ತೆ ಇಬ್ಬರೂ ಸುಗ್ರೀವನ ಕಡೆಗೆ. ಮೂರು ಸಲ ಮನೆ ಬದಲಿಸಿದ ತಾರೆಯನ್ನು ನಾವು ಬೆಳಗ್ಗೆ ಎದ್ದು ನೆನೆಯುವ ಪಂಚಕನ್ಯೆಯರಲ್ಲಿ ಒಬ್ಬಳಾಗಿ ಇಟ್ಟಿದ್ದೇವೆ. ನೆನೆಯುವಾಗ ಅವಳ ಮಗನ ನೆನಪು ಯಾರಿಗೂ ಬರುವುದಿಲ್ಲ.

ಅಂಗದ ಕತೆಯೊಳಗೆ ಬರುವ ರೀತಿ ನೋಡಿ. ಸುಗ್ರೀವ ಒಮ್ಮೆ ಏಟು ತಿಂದು ಓಡಿಹೋದವನು ಮತ್ತೆ ಬಾಗಿಲಿಗೆ ಬಂದು ಗುಡುಗುತ್ತಾನೆ. ವಾಲಿ ಎದ್ದು ಹೊರಡುತ್ತಾನೆ. ತಾರೆ ತಡೆಯುತ್ತಾಳೆ. ಅವಳು ಬರೀ ಹೆದರಿ ತಡೆದದ್ದಲ್ಲ. ಕೈಯಲ್ಲಿ ಸುದ್ದಿ ಇಟ್ಟುಕೊಂಡು ತಡೆದದ್ದು. ಅಯೋಧ್ಯೆಯ ರಾಜಕುಮಾರರಿಬ್ಬರು ಸುಗ್ರೀವನ ಜತೆ ಸೇರಿದ್ದಾರೆ ಅನ್ನುವ ಸುದ್ದಿ. ತಂದವನು ಯಾರು? ಅಂಗದ. ಕಾಡಿಗೆ ಹೋಗಿದ್ದಾಗ ಗೂಢಚಾರರಿಂದ ತಿಳಿದುಕೊಂಡು ಅವ್ವನಿಗೆ ಬಂದು ಹೇಳಿದ್ದ. ಅಪ್ಪನಿಗೆ ಹೇಳಲಿಲ್ಲ, ಅವ್ವನಿಗೆ ಹೇಳಿದ. ನಮ್ಮ ಮನೆಗಳಲ್ಲೂ ಹಾಗೇ ಅಲ್ಲವೇ? ವಾಲಿ ಕೇಳಲಿಲ್ಲ, ಹೋದ, ಸುಗ್ರೀವನ ಪರ ನಿಂತ ರಾಮನ ಬಾಣಕ್ಕೆ ಬಿದ್ದ. ಮಗ ಸರಿಯಾದ ಸುದ್ದಿ ತಂದಿದ್ದರೂ ತಂದೆ ಉಳಿಯಲಿಲ್ಲ. ಈ ಒಂದು ವಿವರವನ್ನು ಬೇರೆ ಯಾವ ಕಾದಂಬರಿಕಾರರಾದರೂ ಒಂದು ಅಧ್ಯಾಯ ಮಾಡುತ್ತಿದ್ದರು. ವಾಲ್ಮೀಕಿ ತಾರೆಯ ಮಾತಿನ ನಡುವೆ ಎರಡು ಸಾಲಿನಲ್ಲಿ ಹೇಳಿ ದಾಟಿಬಿಡುತ್ತಾನೆ.

ಸಾಯುತ್ತಿರುವ ವಾಲಿ ಚಿನ್ನದ ಮಾಲೆಯನ್ನು ಕೊರಳಿಂದ ತೆಗೆಸಿ ತಮ್ಮನಿಗೆ ಕೊಡುತ್ತಾನೆ. ಮಗನನ್ನು ಹತ್ತಿರ ಕರೆದು ಅವನು ಹೇಳುವ ಬುದ್ಧಿಮಾತಿನಲ್ಲಿ ಸ್ವರ್ಗ, ಪುಣ್ಯ ಏನೂ ಇಲ್ಲ. ಇನ್ನು ಮೇಲೆ ನೀನು ಚಿಕ್ಕಪ್ಪನ ಕೈಕೆಳಗಿನವನು. ಅವನ ವೈರಿಗಳ ಜತೆ ಸೇರಬೇಡ. ಅವನೊಂದಿಗೆ ಅತಿ ಸಲುಗೆಯೂ ಬೇಡ, ಸಲುಗೆಯೇ ಇಲ್ಲದ ಹಾಗೂ ಇರಬೇಡ, ಎರಡೂ ಅಪಾಯ. ಇಷ್ಟೇ ಆ ಮಾತಿನ ತಾತ್ಪರ್ಯ. ನನ್ನ ಲೆಕ್ಕದಲ್ಲಿ ಇಡೀ ಕಿಷ್ಕಿಂಧಾಕಾಂಡದಲ್ಲಿ ಇದಕ್ಕಿಂತ ನಿಷ್ಠುರವಾದ ರಾಜಕೀಯ ಪಾಠ ಇಲ್ಲ. ಎದೆಗೆ ಬಾಣ ನೆಟ್ಟುಕೊಂಡು ಮಲಗಿರುವ ಅಪ್ಪ ಮಗನಿಗೆ ಹೇಳುವುದು, ನನ್ನನ್ನು ಕೊಲ್ಲಿಸಿದವನ ಮನೆಯಲ್ಲಿ ಬದುಕುವುದು ಹೇಗೆ ಅಂತ. ಜೂಡ್‌ಳಿಗೆ ಈ ಮಾತು ಹೇಳುವವರು ಯಾರೂ ಇರಲಿಲ್ಲ, ಅವಳು ಅದನ್ನು ವಿಷ ತಿಂದು ಕಲಿಯಬೇಕಾಯಿತು.

ರಾಮನ ಮಾತಿನಂತೆ ಸುಗ್ರೀವ ಅಂಗದನಿಗೆ ಯುವರಾಜಪಟ್ಟ ಕಟ್ಟುತ್ತಾನೆ. ಮಳೆಗಾಲ ಕಳೆಯುತ್ತದೆ. ಸೀತೆಯನ್ನು ಹುಡುಕಿಸುತ್ತೇನೆಂದು ಕೊಟ್ಟ ಮಾತು ಮರೆತು ಸುಗ್ರೀವ ಕುಡಿತದಲ್ಲಿ, ಹೆಂಗಸರ ಮಧ್ಯೆ ಮುಳುಗಿರುತ್ತಾನೆ. ಲಕ್ಷ್ಮಣ ಕೆಂಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗಿನ ರಾಜನಿಗೆ ಎದುರು ಬರುವ ಧೈರ್ಯವಿಲ್ಲ, ತಾರೆಯನ್ನು ಕಳಿಸುತ್ತಾನೆ. ಅವಳ ಕಣ್ಣಲ್ಲೂ ಅಮಲಿದೆ, ಒಡ್ಯಾಣ ಜಾರಿದೆ, ಹೆಜ್ಜೆ ತಡವರಿಸುತ್ತಿದೆ. ಮಾತು ಮಾತ್ರ ಒಂದಿಷ್ಟೂ ತಡವರಿಸುವುದಿಲ್ಲ. ಹೆಂಗಸು ಎದುರಿಗೆ ಬಂದದ್ದಕ್ಕೆ ಲಕ್ಷ್ಮಣ ತಲೆ ತಗ್ಗಿಸಿದಾಗಲೇ ಅವಳು ಅರ್ಧ ಗೆದ್ದಿದ್ದಾಳೆ. ವಾನರಸೇನೆಗೆ ಆಗಲೇ ಕರೆ ಹೋಗಿದೆ, ರಾವಣನ ಬಲ ಇಷ್ಟಿದೆ, ಇಷ್ಟು ಸೈನ್ಯವಿಲ್ಲದೆ ಅವನನ್ನು ಮುರಿಯಲಾಗದು ಅಂತ ಲೆಕ್ಕ ಒಪ್ಪಿಸುತ್ತಾಳೆ. ರಾವಣನ ಬಲದ ಲೆಕ್ಕ ಅವಳಿಗೆ ಹೇಗೆ ಗೊತ್ತು? ವಾಲಿ ಹೇಳಿದ್ದ, ಅನ್ನುತ್ತಾಳೆ. ಸತ್ತ ಗಂಡನಿಂದ ತಿಳಿದದ್ದನ್ನು ಬಳಸಿ ಇದ್ದ ಗಂಡನ ಪ್ರಾಣ ಉಳಿಸುತ್ತಾಳೆ. ಇದನ್ನು ಪ್ರೇಮ ಅನ್ನಬೇಕೋ, ರಾಜ್ಯಭಾರ ಅನ್ನಬೇಕೋ ನನಗೆ ಹೇಳಲಾಗದು. ಅಂಥ ಆಸ್ಥಾನಗಳಲ್ಲಿ ಅವೆರಡಕ್ಕೂ ನಡುವೆ ಗೋಡೆ ಇರುವುದಿಲ್ಲ.

ಅಂಗದ ಇದೆಲ್ಲವನ್ನೂ ನೋಡುತ್ತ ಆ ಮನೆಯಲ್ಲೇ ಇದ್ದಾನೆ. ಅವನ ಮನಸ್ಸು ಹೊರಬೀಳುವುದು ಇನ್ನೂ ಮುಂದೆ. ಸೀತೆಯನ್ನು ಹುಡುಕಲು ದಕ್ಷಿಣಕ್ಕೆ ಹೊರಟ ತಂಡಕ್ಕೆ ಅವನೇ ನಾಯಕ, ಜತೆಗೆ ಹನುಮಂತ, ಜಾಂಬವಂತ. ಒಂದು ತಿಂಗಳ ಗಡುವು. ಮೀರಿದರೆ ತಲೆ ಉಳಿಯುವುದಿಲ್ಲ. ವಿಂಧ್ಯದ ಕಾಡಲ್ಲಿ ನೀರಿಲ್ಲದೆ ಬಾಯಾರಿ ಅಲೆಯುವಾಗ ಒಂದು ಬಿಲದಿಂದ ಹಂಸ, ಕೊಕ್ಕರೆ, ಚಕ್ರವಾಕಗಳು ಒದ್ದೆ ಮೈಯಲ್ಲಿ ಹಾರಿ ಬರುವುದನ್ನು ಕಾಣುತ್ತಾರೆ. ರೆಕ್ಕೆ ಒದ್ದೆಯಾಗಿದೆ ಅಂದಮೇಲೆ ಒಳಗೆ ನೀರಿರಬೇಕು. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕತ್ತಲೆಯಲ್ಲಿ ಇಳಿಯುತ್ತಾರೆ. ಒಳಗೆ ಚಿನ್ನದ ಮರಗಳು, ಬೆಳ್ಳಿ ಚಿನ್ನದ ಮಾಳಿಗೆಗಳು, ತಾವರೆಕೊಳ. ಜಿಂಕೆಚರ್ಮ ಉಟ್ಟ ಒಬ್ಬಳೇ ತಪಸ್ವಿನಿ, ಸ್ವಯಂಪ್ರಭೆ. ಮಯ ಕಟ್ಟಿದ ಅರಮನೆ ಅದು. ಮಯ ಹೇಮೆ ಎಂಬ ಅಪ್ಸರೆಗೆ ಮನಸೋತದ್ದಕ್ಕೆ ಇಂದ್ರ ಅವನನ್ನು ಕೊಂದ. ಅರಮನೆ ಹೇಮೆಯ ಪಾಲಾಯಿತು. ಗೆಳತಿಯ ಪರವಾಗಿ ಇವಳು ಕಾವಲಿದ್ದಾಳೆ. ಹಸಿದವರಿಗೆ ಮೊದಲು ಹಣ್ಣು, ಗೆಡ್ಡೆ, ನೀರು ಕೊಟ್ಟು ಆಮೇಲೆ ನೀವು ಯಾರು ಅಂತ ಕೇಳುತ್ತಾಳೆ. ಒಳಗೆ ಹೊಕ್ಕವರು ಜೀವಂತ ಹೊರಗೆ ಹೋಗುವಂತಿಲ್ಲ. ಆದರೂ ಕರುಣೆಯಿಂದ, ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ ಅಂದು ಒಂದು ಕ್ಷಣದಲ್ಲಿ ಹೊರಗೆ ತಂದು ಬಿಡುತ್ತಾಳೆ.

ಹೊರಗೆ ಬಂದರೆ ಮರಗಳು ಚಿಗುರಿ ಹೂಬಿಟ್ಟಿವೆ. ಗಡುವು ಮುಗಿದುಹೋಗಿದೆ.

ಯುರೋಪಿನ ಮಾಯಾಲೋಕದ ಎಷ್ಟೋ ಕತೆಗಳು ಹೇಳುವ ಗುಟ್ಟು ಇದೇ: ಅಲ್ಲಿ ಉಂಡವನ ಕಾಲ ಕಳೆದುಹೋಗುತ್ತದೆ. ನಮ್ಮಲ್ಲಿ ಅದಕ್ಕೊಂದು ರಾಜಕೀಯ ತಿರುವಿದೆ. ಕಾಲ ಕಳೆದದ್ದಕ್ಕೆ ಬೇರೆಯವರು ಹೆದರುವುದಕ್ಕಿಂತ ಅಂಗದ ಹೆಚ್ಚು ಹೆದರುತ್ತಾನೆ, ಯಾಕೆಂದರೆ ಅವನನ್ನು ಕೊಲ್ಲಲು ಚಿಕ್ಕಪ್ಪನಿಗೆ ಈಗ ನೆಪ ಸಿಕ್ಕಿದೆ. ಅಲ್ಲಿಯವರೆಗೆ ಬಾಯಿ ಬಿಡದ ಹುಡುಗ ಆಗ ಬಿಡುತ್ತಾನೆ. ನನಗೆ ಯುವರಾಜಪಟ್ಟ ಕಟ್ಟಿಸಿದ್ದು ರಾಮ, ಸುಗ್ರೀವ ಮನಸ್ಸಿಂದ ಕಟ್ಟಲಿಲ್ಲ. ಅಣ್ಣ ಬದುಕಿದ್ದಾಗಲೇ ತಾಯಿಯಂಥ ಅತ್ತಿಗೆಯನ್ನು ತೆಗೆದುಕೊಂಡವನು, ಒಡಹುಟ್ಟಿದವನ ಮೇಲೆ ಬಂಡೆ ಮುಚ್ಚಿದವನು, ಉಪಕಾರ ಮಾಡಿದ ರಾಮನನ್ನೇ ಮರೆತವನು, ಅವನನ್ನು ಯಾರು ನಂಬುತ್ತಾರೆ? ಹೀಗೆ ಒಂದೊಂದೇ ಎಣಿಸುತ್ತಾನೆ. ತಾರನೆಂಬ ವಾನರ, ಆ ಬಿಲಕ್ಕೇ ಹಿಂತಿರುಗಿ ಹೋಗಿಬಿಡೋಣ, ಅಲ್ಲಿ ಹಣ್ಣಿದೆ ನೀರಿದೆ, ಇಂದ್ರನೂ ರಾಮನೂ ಮುಟ್ಟಲಾರರು ಅನ್ನುತ್ತಾನೆ. ಗುಂಪು ಹೌದೆನ್ನುತ್ತದೆ. ಚಿನ್ನದ ಬಿಲದಲ್ಲಿ ಇನ್ನೊಂದು ಕಿಷ್ಕಿಂಧೆ ಹುಟ್ಟುವುದರಲ್ಲಿತ್ತು. ಹನುಮಂತನಿಗೆ ಅದು ಥಟ್ಟನೆ ಹೊಳೆಯುತ್ತದೆ: ಈ ಹುಡುಗ ಸುಗ್ರೀವನ ರಾಜ್ಯವನ್ನು ಕಿತ್ತುಕೊಂಡೇಬಿಟ್ಟ ಅಂತ. ನಾವು ಪೂಜೆ ಮಾಡುವ ಹನುಮಂತ ಇಲ್ಲಿ ಭಜನೆ ಮಾಡುತ್ತ ಕೂರುವುದಿಲ್ಲ, ಗುಂಪನ್ನು ಒಡೆಯುತ್ತಾನೆ. ಇವರಿಗೆ ಹೆಂಡತಿ ಮಕ್ಕಳ ನೆನಪು ಬಂದ ದಿನ ನಿನ್ನನ್ನು ಬಿಟ್ಟು ಹೋಗುತ್ತಾರೆ ಅಂತ ಅಂಗದನಿಗೆ ಬಿಡಿಸಿ ಹೇಳುತ್ತಾನೆ. ಅಂಗದ ದಂಗೆ ಏಳುವುದಿಲ್ಲ, ಮನೆಗೂ ಹೋಗುವುದಿಲ್ಲ. ದರ್ಭೆ ಹಾಸಿ ಉಪವಾಸ ಸಾಯಲು ಕೂರುತ್ತಾನೆ. ಅಲ್ಲಿಗೆ ಸಂಪಾತಿ ಎಂಬ ಹದ್ದು ಬಂದು, ಸೀತೆಯ ಸುಳಿವು ಕೊಟ್ಟು, ಕತೆ ಬೇರೆ ದಾರಿ ಹಿಡಿಯುತ್ತದೆ.

ಕನ್ನಡ ಕವಿಗಳಿಗೆ ಈ ಮನೆಯ ವಿಷಯ ಗಂಟಲಲ್ಲಿ ಇಳಿಯಲಿಲ್ಲ. ಜೈನ ರಾಮಾಯಣಗಳು ವಾನರರನ್ನು ವಿದ್ಯಾಧರರನ್ನಾಗಿ ಮಾಡಿದವು, ಕೋತಿ ಅವರ ಧ್ವಜದ ಚಿಹ್ನೆಯಾಯಿತು. ವಿಜಯಪುರದಲ್ಲಿ ಜಿನಾಲಯ ಕಟ್ಟಿಸಿದ ನಾಗಚಂದ್ರ ಸುಮಾರು 1100ರ ಹೊತ್ತಿಗೆ ರಾಮಚಂದ್ರ ಚರಿತಪುರಾಣ ಬರೆದದ್ದು ಈ ದಾರಿಯಲ್ಲೇ. ಆ ಪರಂಪರೆಯಲ್ಲಿ ವಾಲಿ ವೈರಾಗ್ಯದಿಂದ ರಾಜ್ಯ ಬಿಟ್ಟು ಮುನಿಯಾಗುತ್ತಾನೆ, ರಾಮ ಅವನನ್ನು ಕೊಲ್ಲುವ ಪ್ರಸಂಗವೇ ಇಲ್ಲ. ತಾರೆಯ ಮೇಲೆ ಮನಸ್ಸಿಟ್ಟ ಸಾಹಸಗತಿ ಎಂಬುವನು ಸುಗ್ರೀವನ ರೂಪ ತಾಳಿ ಅರಮನೆಗೆ ಬರುತ್ತಾನೆ. ಆಸ್ಥಾನದಲ್ಲಿ ಇಬ್ಬರು ಸುಗ್ರೀವರು! ಯಾರು ನಿಜ, ಯಾರು ಸುಳ್ಳು? ರಾಮ ಕೊಲ್ಲುವುದು ಈ ಸುಳ್ಳು ಸುಗ್ರೀವನನ್ನು. ಮಾಯಾಲೋಕದ ಕತೆಯಾಗಿ ಇದು ಸೊಗಸಾಗಿದೆ, ಹಾಲಿ ಬ್ಲ್ಯಾಕ್ ಓದಿದರೆ ಹೊಟ್ಟೆಕಿಚ್ಚು ಪಡುತ್ತಾರೆ. ಆದರೆ ಅಲ್ಲಿ ಅಂಗದ ಸುಗ್ರೀವನ ಸ್ವಂತ ಮಗ. ಕೊಲೆಯೂ ಹೋಯಿತು, ಮೈದುನನ ಕೂಡಿಕೆಯೂ ಹೋಯಿತು, ಹುಡುಗನ ಭಯವೂ ಹೋಯಿತು. ಕತೆ ತಿಳಿಯಾಯಿತು, ನನಗೆ ಸ್ವಲ್ಪ ಸಪ್ಪೆಯೂ ಆಯಿತು. ಕುವೆಂಪು 1949ರ ಶ್ರೀ ರಾಮಾಯಣ ದರ್ಶನಂನಲ್ಲಿ ಕಿಷ್ಕಿಂಧೆಗೆ ಒಂದು ಸಂಪುಟವನ್ನೇ ಕೊಟ್ಟರು. ಅಲ್ಲಿ ವಾಲಿಯನ್ನು ಕೊಂದ ತಪ್ಪನ್ನು ರಾಮನೇ ಒಪ್ಪಿಕೊಳ್ಳುತ್ತಾನೆ. ಕಾಸರಗೋಡಿನ ಕಡೆ ಕುಂಬಳೆಯ ಪಾರ್ತಿಸುಬ್ಬನಿಂದ ಬಂದ ಯಕ್ಷಗಾನ ಪ್ರಸಂಗಗಳ ಪರಂಪರೆಯಲ್ಲಿ, ತಾಳಮದ್ದಳೆಯಲ್ಲಿ, ವಾಲಿಯ ಕಡೆಯಿಂದ ರಾಮನನ್ನು ಪ್ರಶ್ನೆ ಕೇಳುವುದೇ ದೊಡ್ಡ ಆಟ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ಅಲ್ಲೇ ‘ಅಂಗದ ಸಂಧಾನ’ ಎಂಬ ಪ್ರಸಂಗವಿದೆ. ರಾವಣ ಅಂಗದನ ಹಳೇ ಗಾಯವನ್ನು ಕೆದಕುತ್ತಾನೆ: ನಿನ್ನಪ್ಪನನ್ನು ಕೊಂದವರ ಊಳಿಗ ಮಾಡುತ್ತೀಯಲ್ಲ! ಅರ್ಥಧಾರಿ ಗಟ್ಟಿಗನಾಗಿದ್ದರೆ ಆ ಪ್ರಶ್ನೆಗೆ ಅಂಗದ ಹೇಳುವ ಉತ್ತರಕ್ಕಾಗಿ ಜನ ರಾತ್ರಿಯಿಡೀ ಕೂರುತ್ತಾರೆ.

ಹೊಳೆಯ ಈಚೆಗೆ ಬರೋಣ, ಕಂಪ್ಲಿಗೆ. ಇಲ್ಲಿ ದೇವತೆಗಳಿಲ್ಲ, ವಾನರರಿಲ್ಲ; ಕುಮ್ಮಟದುರ್ಗ, ಹೊಸಮಲೆದುರ್ಗಗಳನ್ನು ಕಟ್ಟಿಕೊಂಡು ಆಳಿದ ಕಂಪಿಲರಾಯನಿದ್ದಾನೆ, ಅವನ ಮಗ ಕುಮಾರರಾಮನಿದ್ದಾನೆ. ನಂಜುಂಡಕವಿ ಹದಿನಾರನೆಯ ಶತಮಾನದಲ್ಲಿ ಸಾಂಗತ್ಯ ಬರೆದ, ಆಮೇಲೆ ಪಾಂಚಾಳಗಂಗ ಬರೆದ, 2006ರಲ್ಲಿ ಶಿವರಾಜ್‌ಕುಮಾರ್ ಸಿನಿಮಾವೂ ಬಂತು. ಆ ಕತೆ ನಿಮಗೆ ಗೊತ್ತು, ಚುಟುಕಾಗಿ ನೆನಪಿಸುತ್ತೇನೆ. ಕುಮಾರರಾಮನಿಗೆಂದು ನೋಡಿದ ರತ್ನಾಜಿಯನ್ನು ಮುದುಕ ಕಂಪಿಲರಾಯ ತಾನೇ ಮದುವೆಯಾಗುತ್ತಾನೆ. ಆಡುವಾಗ ಚೆಂಡು ಹೋಗಿ ಅವಳ ಅರಮನೆಯಲ್ಲಿ ಬೀಳುತ್ತದೆ. ತರಲು ಹೋದ ರಾಮನನ್ನು ಅವಳು ಬಯಸುತ್ತಾಳೆ. ಅವನು ನೀನು ನನಗೆ ತಾಯಿ ಅಂದು ಬಿಡಿಸಿಕೊಂಡು ಬರುತ್ತಾನೆ. ಅವಳು ಸುಳ್ಳು ದೂರು ಹೇಳುತ್ತಾಳೆ. ರಾಯ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಾನೆ. ಪರನಾರೀ ಸಹೋದರ ಎಂದು ಅವನನ್ನು ಹೊಗಳುವ ಭರದಲ್ಲಿ ನಾವು ರತ್ನಾಜಿಗೆ ಎಲ್ಲಾ ಪಾಪ ಹೊರಿಸಿ ಕೈ ತೊಳೆದುಕೊಳ್ಳುತ್ತೇವೆ. ಮಗನಿಗೆ ತಂದ ಹೆಣ್ಣನ್ನು ಕಟ್ಟಿಕೊಂಡ ಮುದುಕನ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ. ನನಗೆ ಈ ಕತೆ ಕಿಷ್ಕಿಂಧೆಗಿಂತ ಕಠೋರ. ಅಂಗದನಿಗೆ ಹೆದರಲು ಚಿಕ್ಕಪ್ಪನಿದ್ದ. ಕುಮಾರರಾಮ ಹೆದರಬೇಕಾದದ್ದು ಹೆತ್ತ ತಂದೆಗೆ.

ಇನ್ನು ಚರಿತ್ರೆ. ಸಗರದಲ್ಲಿ ದಂಗೆಯೆದ್ದು ಸೋತ ಬಹಾಉದ್ದೀನ್ ಗುರ್ಷಾಸ್ಪ್, ಮುಹಮ್ಮದ್ ಬಿನ್ ತುಘಲಕನ ಹತ್ತಿರದ ನೆಂಟ, ಕಂಪಿಲರಾಯನಲ್ಲಿ ಆಶ್ರಯ ಬೇಡಿದ. ರಾಯ ಕೊಟ್ಟ. 1327ರಲ್ಲಿ ದೆಹಲಿಯ ಸೇನೆ ಮುತ್ತಿತು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಮುಂದಿನದನ್ನು ಬರೆದಿದ್ದಾನೆ: ರಾಯ ನಂಬಿ ಬಂದವನನ್ನು ಬೇರೆ ರಾಜನ ಬಳಿಗೆ ಸಾಗಿಸಿದ, ಹೆಂಗಸರು ಬೆಂಕಿಗೆ ಬಿದ್ದರು, ರಾಯ ಹೋರಾಡಿ ಸತ್ತ, ಅವನ 11 ಮಕ್ಕಳು ಸೆರೆಸಿಕ್ಕರು. ಸುಲ್ತಾನ ಅವರನ್ನು ಕೊಲ್ಲಲಿಲ್ಲ. ಮತ ಬದಲಿಸಿ ತನ್ನ ಆಸ್ಥಾನದಲ್ಲಿ ಅಮೀರರನ್ನಾಗಿ ಮಾಡಿದ. ಅವರಲ್ಲಿ ಮೂವರನ್ನು ಬತೂತ ದೆಹಲಿಯಲ್ಲಿ ಕಣ್ಣಾರೆ ಕಂಡಿದ್ದ: ನಸ್ರ್, ಬಖ್ತಿಯಾರ್, ಅಬು ಮುಸ್ಲಿಂ. ಅಬು ಮುಸ್ಲಿಂ ಅವನ ಗೆಳೆಯನೇ ಆಗಿದ್ದ. ಅವನ ಕೆಲಸ, ಸುಲ್ತಾನ ಕುಡಿಯುವ ನೀರಿಗೆ ಮೊಹರು ಹಾಕುವುದು.

ಸ್ವಲ್ಪ ಯೋಚಿಸಿ. ಯಾರೂ ವಿಷ ಬೆರೆಸದಂತೆ ನೀರನ್ನು ಕಾಯುವ ಕೆಲಸಕ್ಕೆ ಸುಲ್ತಾನ ನೇಮಿಸಿದ್ದು ತಾನು ಮುಳುಗಿಸಿದ ರಾಜನ ಮಗನನ್ನು. ಇದು ನಂಬಿಕೆಯೋ, ಅಹಂಕಾರವೋ, ಪರೀಕ್ಷೆಯೋ? ತುಂಗಭದ್ರೆಯ ನೀರು ಕುಡಿದು ಬೆಳೆದ ಆ ಹುಡುಗ ದಿನಾ ಮೊಹರು ಒತ್ತಿದ, ಸುಲ್ತಾನ ದಿನಾ ಕುಡಿದ. ಹೋರಾಡಿ ಸತ್ತ ಕುಮಾರರಾಮನ ತಲೆಗೆ ನಾವು ಗುಡಿ ಕಟ್ಟಿದ್ದೇವೆ, ಮುಖ ಮಾಡಿ ಪೂಜಿಸುತ್ತೇವೆ. ಈ ಅಬು ಮುಸ್ಲಿಮನ ಮೇಲೆ ಒಂದು ಲಾವಣಿಯನ್ನೂ ನಾನು ಕೇಳಿಲ್ಲ. ಸತ್ತವನ ಕತೆ ಹಾಡಲು ಸುಲಭ, ಬದುಕಿ ಊಳಿಗ ಮಾಡಿದವನದು ಕಷ್ಟ. ಮಾಯಾಲೋಕದ ಕಾದಂಬರಿ ಓದುವ ಮಕ್ಕಳಿಗೆ ನಾನು ಹೇಳುವುದು ಇಷ್ಟು: ಜೂಡ್‌ಳ ವಿಷದ ತುತ್ತನ್ನು ಅರ್ಥಮಾಡಿಕೊಂಡ ನಿಮಗೆ ಈ ಮೊಹರಿನ ಹುಡುಗ ನಮಗಿಂತ ಚೆನ್ನಾಗಿ ಅರ್ಥವಾಗುತ್ತಾನೆ. ಅವನ ಮೇಲೆ ಬರೆಯಬೇಕಾದವರು ನೀವು. ಬರೆಯುವುದಾದರೆ ಅವನನ್ನು ದ್ರೋಹಿಯನ್ನಾಗಿಯೂ ಮಾಡಬೇಡಿ, ಒಳಗೊಳಗೇ ಸೇಡು ಮಸೆಯುವ ವೀರನನ್ನಾಗಿಯೂ ಮಾಡಬೇಡಿ. ಎರಡೂ ಸಿನಿಮಾದವರು ಮಾಡಿ ಮಾಡಿ ಸವೆದುಹೋಗಿವೆ.

ಮತ್ತೆ ಕಿಷ್ಕಿಂಧೆಗೆ ಹೋದರೆ, ಅಂಗದನ ಕತೆ ಏನಾಯಿತು? ಹನುಮಂತ ಲಂಕೆಯಿಂದ ಸೀತೆಯ ಸುದ್ದಿ ತಂದ. ತಿರುಗಿ ಬರುವ ದಾರಿಯಲ್ಲಿ ಸುಗ್ರೀವನ ಮಧುವನ ಸಿಕ್ಕಿತು. ಸುಗ್ರೀವನ ಸೋದರಮಾವ ದಧಿಮುಖ ಕಾಯುವ ತೋಟ, ಯಾರೂ ಮುಟ್ಟುವಂತಿಲ್ಲ. ಕುಡಿಯಿರಿ ಅಂತ ಅಪ್ಪಣೆ ಕೊಟ್ಟವನು ಅಂಗದ. ಪಡೆಯೆಲ್ಲ ಕುಡಿದು, ಹಾಡಿ, ಬಿದ್ದು, ಹೊರಳಿ, ತೋಟ ಹಾಳುಮಾಡಿತು. ತಡೆಯಲು ಬಂದ ದಧಿಮುಖನನ್ನು, ಅಜ್ಜನ ಸಮಾನ ಅನ್ನುವುದನ್ನೂ ಮರೆತು, ಅಂಗದ ನೆಲಕ್ಕೆ ಹಾಕಿ ಉಜ್ಜಿದ. ಕೆಲವೇ ದಿನದ ಹಿಂದೆ ಚಿಕ್ಕಪ್ಪನ ಹೆಸರಿಗೇ ನಡುಗಿ ದರ್ಭೆಯ ಮೇಲೆ ಮಲಗಿದ್ದ ಹುಡುಗ! ಮುದುಕ ಅಳುತ್ತ ದೂರು ಒಯ್ದಾಗ ಸುಗ್ರೀವ ಸಿಟ್ಟಾಗಲಿಲ್ಲ. ಕೆಲಸ ಆಗದೆ ಇವರು ನನ್ನ ತೋಟಕ್ಕೆ ಕೈ ಹಾಕುತ್ತಿರಲಿಲ್ಲ ಅಂತ ಲೆಕ್ಕ ಹಾಕಿ ಖುಷಿಪಟ್ಟ. ಇಬ್ಬರ ನಡುವಿನ ಲೆಕ್ಕ ಚುಕ್ತಾ ಆದದ್ದು ಅಲ್ಲೇ ಅಂತ ನನಗನಿಸುತ್ತದೆ, ಯುದ್ಧಭೂಮಿಯಲ್ಲಲ್ಲ. ಉತ್ತರಕಾಂಡದ ಕೊನೆಗೆ, ರಾಮನ ಜತೆ ಹೊರಟುಹೋಗಲು ಬಂದ ಸುಗ್ರೀವ, ಅಂಗದನಿಗೆ ಪಟ್ಟ ಕಟ್ಟಿಯೇ ಬಂದಿದ್ದೇನೆ ಅನ್ನುತ್ತಾನೆ. ತಂದೆಯನ್ನು ಕೊಲ್ಲಿಸಿದವನ ಮನೆಯಲ್ಲಿ ಬೆಳೆದವನು ಆ ಮನೆಗೇ ಒಡೆಯನಾದ. ಜೂಡ್ ಕೂಡ ಕೊನೆಗೆ ಆ ಲೋಕದ ರಾಣಿಯಾಗುತ್ತಾಳೆ, ಆದರೆ ರಾಣಿಯಾಗಿ ಉಳಿಯಲು ತನ್ನನ್ನು ಸಾಕಿದ ಮ್ಯಾಡಾಕ್‌ನ ವಿರುದ್ಧವೇ ನಿಲ್ಲಬೇಕಾಗುತ್ತದೆ. ಅಂಗದ ಒಂದು ತೋಟ ಹಾಳುಮಾಡಿದ, ಅಷ್ಟೇ.

ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನಿಂದ ಶುರುವಾಗಲಿ.